ಬೊಗಸೆ ತೌಡಿನ ಮಕ್ಕಳು

ಕಲ್ಲಹಟ್ಟಿಯ ದವಾಖಾನೆಯಲ್ಲಿ ಇಬ್ಬರ ಮಾತು ನಡೆಯುತ್ತಿತ್ತು. ಔಷಧದ ವಿಷಯದಲ್ಲಿ ಡಾಕ್ಟರ್ ಅಬ್ದುಲ್ ವಹಾಬರದು, ಮಿಕ್ಕ ಎಲ್ಲದರಲ್ಲೂ ಆಯಾ ಹುಸೇನ್ ಬೀಯದು. ಯಾರು ಮೊದಲು ಒಳಗೆ ಹೋಗಬೇಕು, ಯಾರು ಬೇವಿನ ಮರದ ಕೆಳಗೆ ಕೂತು ಕಾಯಬೇಕು, ಯಾರ ಹೊಟ್ಟೆನೋವು ನಿಜವಾದದ್ದು, ಯಾರದು ಹೊಲದ ಕೆಲಸ ತಪ್ಪಿಸಿಕೊಳ್ಳಲು ಬಂದದ್ದು, ಇದನ್ನೆಲ್ಲ ಆಕೆ ಬಾಗಿಲಲ್ಲೇ ತೀರ್ಮಾನ ಮಾಡಿಬಿಡುತ್ತಿದ್ದಳು. ಎಷ್ಟೋ ಸಲ ತೀರ್ಮಾನ ತಪ್ಪುತ್ತಿತ್ತು. ನಿಜವಾದ ಹೊಟ್ಟೆನೋವಿನವನನ್ನು ಬಿಸಿಲಲ್ಲಿ ಕೂರಿಸಿ ಡಾಕ್ಟರರಿಂದ ಬೈಸಿಕೊಂಡದ್ದೂ ಉಂಟು. ಬೈಗುಳ ಮುಗಿಯುವ ತನಕ ತಲೆ ತಗ್ಗಿಸಿ ನಿಲ್ಲುತ್ತಿದ್ದಳು; ಮುಗಿದೊಡನೆ ಸೆರಗು ಬಿಗಿದು ಮತ್ತೆ ಬಾಗಿಲಿಗೆ ಬಂದು ಅದೇ ಗತ್ತಿನಲ್ಲಿ ನಿಲ್ಲುತ್ತಿದ್ದಳು.

ಕೊಟ್ಟೂರಿನಿಂದ ಕೋಗಳಿಯ ಕಡೆ ಹೋಗುವ ದಾರಿಯಲ್ಲಿ, ಒಂದು ಧರ್ಮಸಂಸ್ಥೆಯವರು ಕಟ್ಟಿಸಿದ ದವಾಖಾನೆ ಅದು. ಎರಡು ಕೋಣೆ, ಒಂದು ಪಡಸಾಲೆ, ಕೆಮ್ಮುತ್ತ ಓಡುವ ಒಂದು ಜೀಪು. ಹುಸೇನ್ ಬೀಯ ಗಂಡ ಶೇಖಾವಲಿ ಊರೂರು ತಿರುಗಿ ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ಅವನು ತೀರಿಕೊಂಡ ಮೇಲೆ ಆಕೆ ಇಲ್ಲಿಗೆ ಕೆಲಸಕ್ಕೆ ಸೇರಿದಳು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಆಕೆಗೆ ಇರಲಿಲ್ಲ. ಆದರೆ ಹುಸೇನ್ ಬೀಗೆ ಮಕ್ಕಳಿಲ್ಲ ಎಂದು ಹೊಸಬರು ಯಾರಾದರೂ ಅಂದರೆ ಸುತ್ತಲಿನ ಹಳ್ಳಿಗಳೆಲ್ಲ ನಕ್ಕುಬಿಡುತ್ತಿದ್ದವು. ಆಕೆ ಕೊಂಡ ಮಕ್ಕಳು ಹಟ್ಟಿಗೊಬ್ಬರು ಸಿಗುತ್ತಿದ್ದರು.

ಕೊಳ್ಳುವುದೆಂದರೆ ಹೀಗೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸು ಹುಟ್ಟಿ ತಿಂಗಳು ತುಂಬಿದಾಗ, ಅದನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲ ಹೊರಗೆ ಇಡುತ್ತಾರೆ. ಬೇರೆ ಕುಲದ ಹೆಂಗಸೊಬ್ಬಳು ಬಂದು ಹೆತ್ತವಳ ಉಡಿಗೆ ಒಂದು ಬೊಗಸೆ ತೌಡು ಹಾಕಿ, ಮೊರದೊಳಗಿನ ಕೂಸನ್ನು ಎತ್ತಿಕೊಂಡು "ನನ್ನ ಕೂಸು" ಅನ್ನುತ್ತಾಳೆ. ಅಲ್ಲಿಗೆ ಕೂಸು ಅವಳದಾಯಿತು. ಆಮೇಲೆ ಅದನ್ನು ಹೆತ್ತವಳ ಕೈಗೇ ಕೊಟ್ಟು, ನನ್ನ ಕೂಸನ್ನು ನನ್ನ ಸಲುವಾಗಿ ಸಾಕವ್ವ ಎಂದು ಹೇಳುತ್ತಾಳೆ. ಮೊರಕ್ಕೆ ಹಾಕಿದ ಮೇಲೆ ಆ ಮಾತು ಬರುವ ತನಕ ಹೆತ್ತವಳು ಹಾಲು ಕೊಡುವಂತಿಲ್ಲ. ಸಾವು ಆ ಮನೆಗೆ ಮಗು ಹುಡುಕಿಕೊಂಡು ಬಂದರೆ, ಇಲ್ಲಿರುವುದು ಸಾಬರ ಮಗು, ಈ ಮನೆಯದಲ್ಲ ಎಂದು ತಿರುಗಿ ಹೋಗಲಿ ಎಂಬುದು ಇದರ ಯುಕ್ತಿ. ಹಾಗೆ ಕೊಳ್ಳಲು ಹುಸೇನ್ ಬೀಗಿಂತ ಒಳ್ಳೆಯವರು ಆ ಕಡೆ ಯಾರೂ ಇರಲಿಲ್ಲ. ಹುಸೇನಪ್ಪ, ಫಕೀರಪ್ಪ, ತೌಡಮ್ಮ ಎಂದು ಹೆಸರಿಟ್ಟುಕೊಂಡು ಅವಳ ಮಕ್ಕಳು ದನ ಕಾಯುತ್ತಲೋ ಶಾಲೆಗೆ ಹೋಗುತ್ತಲೋ ಬೆಳೆಯುತ್ತಿದ್ದರು.

ಡಾಕ್ಟರ್ ವಹಾಬರಿಗೆ ಇದು ಸುತರಾಂ ಸೇರದು. ಆದರೂ ಕಂಡೂ ಕಾಣದಂತೆ ಇರುತ್ತಿದ್ದರು, ಯಾಕೆಂದರೆ ಹುಸೇನ್ ಬೀ ತನ್ನದೇ ಒಂದು ಷರತ್ತು ಸೇರಿಸಿದ್ದಳು. ದವಾಖಾನೆಗೆ ತಂದು ಸೂಜಿ ಹಾಕಿಸದ ಕೂಸನ್ನು ಆಕೆ ಕೊಳ್ಳುತ್ತಿರಲಿಲ್ಲ. ಹಾಗಾಗಿ ಆ ಪಡಸಾಲೆಯಲ್ಲಿ ತೌಡೂ ಸೂಜಿಯೂ ಜಗಳವಿಲ್ಲದೆ ಬಾಳುತ್ತಿದ್ದವು.

ಇದರಲ್ಲಿ ಅವಳಿಗೆ ಒಂದೇ ಸಂಕಟ. ಮಗುವಿಗೆ ಐದು ತುಂಬಿದಾಗ ಹೆತ್ತವರು ತೌಡು ತಂದು, ಸೀರೆ ಉಡಿಸಿ, ಮಗುವನ್ನು ಬಿಡಿಸಿಕೊಂಡು ಹೋಗುತ್ತಾರೆ. ಅದುವೇ ಪದ್ಧತಿ, ಅದುವೇ ಸಂತೋಷ; ಮಗು ಉಳಿಯಿತೆಂದು ಅರ್ಥ. ಹುಸೇನ್ ಬೀ ನಗುನಗುತ್ತಲೇ ಸೀರೆ ಉಟ್ಟುಕೊಳ್ಳುತ್ತಿದ್ದಳು. ನಿನ್ನೆಯ ತನಕ "ಅವ್ವಾ" ಎಂದು ಓಡಿಬರುತ್ತಿದ್ದ ಮಗು ನಾಳೆಯಿಂದ ಊರವರಂತೆ "ಹುಸೇನ್ ಬೀ" ಎಂದು ಕರೆಯುತ್ತದೆ. ಅವತ್ತು ಮಾತ್ರ ಆಕೆಗೆ ಊಟ ಸೇರುತ್ತಿರಲಿಲ್ಲ. ಪೆಟ್ಟಿಗೆಯ ತುಂಬ ಸೀರೆಗಳಿದ್ದವು, ಉಡಲು ಮನಸ್ಸಾಗದೆ ಹಳೆಯದನ್ನೇ ಒಗೆದು ಒಗೆದು ಉಡುತ್ತಿದ್ದಳು.

ಎಪ್ಪತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಆ ದವಾಖಾನೆಗೆ ಹಾಲೆಂಡ್ ದೇಶದಿಂದ ಒಬ್ಬ ಹುಡುಗಿ ಬಂದಳು. ಹೆಸರು ಆನ್ನೆಕ. ಡಾಕ್ಟರಿಕೆ ಓದುತ್ತಿದ್ದವಳು, ರಜೆಯಲ್ಲಿ ಸೇವೆ ಮಾಡಿ ಕಲಿತುಹೋಗಲು ಬಂದಿದ್ದಳು. ಬಾಗಿಲ ಚೌಕಟ್ಟಿಗೆ ದಿನಕ್ಕೊಮ್ಮೆ ತಲೆ ಹೊಡೆಸಿಕೊಳ್ಳುವಷ್ಟು ಎತ್ತರ. ಬಂದ ವಾರದೊಳಗೆ ಬಿಸಿಲಿಗೆ ಮೂಗು ಸಿಪ್ಪೆ ಎದ್ದು ಟೊಮೆಟೊ ಹಣ್ಣಿನಂತಾಯಿತು. ಹುಸೇನ್ ಬೀಗೆ ಮೊದಲ ದಿನವೇ ಕನಿಕರ ಹುಟ್ಟಿತು. ಇಷ್ಟು ದೂರ ಒಬ್ಬಳನ್ನೇ ಕಳಿಸಿದ ಆ ತಾಯಿಗೆ ಬುದ್ಧಿ ಇಲ್ಲವೇ ಎಂದು ಔಷಧ ಕಟ್ಟಿಕೊಡುವ ಕಾಂಪೌಂಡರ್ ಪಾಲಾಕ್ಷಪ್ಪನ ಹತ್ತಿರ ದಿನವೂ ಗೊಣಗುತ್ತಿದ್ದಳು. ಖಾರವಿಲ್ಲದ ಸಾರು ಮಾಡಿ, ರೊಟ್ಟಿಗೆ ಬೆಣ್ಣೆ ಸವರಿ, ಎದುರು ಕೂತು ತಿನ್ನಿಸುತ್ತಿದ್ದಳು.

ಊರ ಹೆಂಗಸರು ಆ ಹುಡುಗಿಯನ್ನು ಅನ್ನಕ್ಕ ಎಂದು ಕರೆಯತೊಡಗಿದರು. ಕೂಸುಗಳನ್ನು ತೂಗುವುದು, ಗಾಯ ತೊಳೆಯುವುದು, ಅಳುವ ಮಕ್ಕಳನ್ನು ಸೂಜಿಯ ಹೊತ್ತಿಗೆ ಎತ್ತಿ ಸಮಾಧಾನ ಮಾಡುವುದು ಅವಳ ಕೆಲಸ. ಅವಳ ಭಾಷೆಯ ಸಮಾಧಾನ ಇಲ್ಲಿನ ಮಕ್ಕಳಿಗೆ ನಾಟುತ್ತಿರಲಿಲ್ಲ. ಕೇಳಿ ಇನ್ನೂ ಜೋರಾಗಿ ಅಳುತ್ತಿದ್ದವು. ಆಗ ಹುಸೇನ್ ಬೀಯೇ ಅವಳಿಗೆ ಎರಡು ಮಾತು ಕಲಿಸಿದಳು: ನನ್ನ ಕೂಸು, ನನ್ನ ಬಂಗಾರ. ಹುಡುಗಿ ಅದನ್ನು ದಿನವಿಡೀ ಹೇಳಿಕೊಂಡು ತಿರುಗುತ್ತಿದ್ದಳು. ಮುದುಕರ ಕಣ್ಣಿಗೆ ಔಷಧ ಬಿಡುವಾಗಲೂ ನನ್ನ ಕೂಸು ಅನ್ನುತ್ತಿದ್ದಳು, ಮುದುಕರಿಗೆ ಅದು ಬಹಳ ಇಷ್ಟವಾಗುತ್ತಿತ್ತು.

ಅನ್ನಕ್ಕ ಹೊರಡುವ ಹಿಂದಿನ ದಿನ ಗಾದೆಮ್ಮನ ಕೂಸಿನ ಕೊಳ್ಳುವಿಕೆ ಇತ್ತು. ಗಾದೆಮ್ಮ ಅದೇ ಊರವಳು, ಇನ್ನೂ ಸಣ್ಣ ವಯಸ್ಸು. ಎರಡು ಮಕ್ಕಳನ್ನು ಹೆತ್ತು ಎರಡನ್ನೂ ಕಳೆದುಕೊಂಡಿದ್ದಳು. ಮೂರನೆಯದು ಗಂಡು. ಹುಸೇನ್ ಬೀ ಈ ಕೂಸಿಗಾಗಿ ತಿಂಗಳಿಂದ ಕಾದಿದ್ದಳು. ಹಿಂದಿನ ವರ್ಷ ಅವಳ ಕೊನೆಯ ತೌಡಪ್ಪನನ್ನು ಬಿಡಿಸಿಕೊಂಡು ಹೋಗಿದ್ದರು. ಅವ್ವ ಎಂದು ಕರೆಯುವವರು ಯಾರೂ ಇಲ್ಲದೆ ಒಂದು ವರ್ಷ ಕಳೆದಿತ್ತು.

ಬೆಳಿಗ್ಗೆ ಗಾದೆಮ್ಮ ಅತ್ತೆ ಮೈಲಮ್ಮನ ಜೊತೆ ಬಂದಳು. ಹುಸೇನ್ ಬೀ ಸ್ನಾನ ಮಾಡಿ, ತಲೆ ಬಾಚಿ, ಅಪರೂಪಕ್ಕೆ ಪೆಟ್ಟಿಗೆಯ ಸೀರೆಯೊಂದನ್ನು ತೆಗೆದು ಉಟ್ಟಿದ್ದಳು. ಕೂಸಿಗೆ ಸೂಜಿ ಹಾಕಿಸಿ ಮೊರದಲ್ಲಿ ಮಲಗಿಸಿ ಪಡಸಾಲೆಯ ಮೆಟ್ಟಿಲ ಕೆಳಗೆ ಇಟ್ಟರು. ಹುಸೇನ್ ಬೀ ಬೊಗಸೆ ತುಂಬ ತೌಡು ತೆಗೆದು ಗಾದೆಮ್ಮನ ಉಡಿಗೆ ಸುರಿದಳು. ಇನ್ನು ಬಗ್ಗಿ ಎತ್ತಬೇಕು, ಅಷ್ಟರಲ್ಲಿ ಒಳಗಿನಿಂದ ಸುಟ್ಟ ವಾಸನೆ ಬಂತು. ಸಿರಿಂಜುಗಳನ್ನು ಕುದಿಯಲು ಸ್ಟೋವಿನ ಮೇಲಿಟ್ಟು ಬಂದದ್ದನ್ನು ಈ ಸಂಭ್ರಮದಲ್ಲಿ ಆಕೆ ಮರೆತೇಬಿಟ್ಟಿದ್ದಳು. ಡಬ್ಬಿಯ ನೀರು ಬತ್ತಿ ತಳ ಹತ್ತಿತ್ತು. ಡಾಕ್ಟರರ ಗಾಜಿನ ಸಿರಿಂಜುಗಳು ಒಡೆದರೆ ಗತಿಯೇನು ಎಂದು ಒಂದೇ ಉಸಿರಿಗೆ ಒಳಗೆ ಓಡಿದಳು.

ಅದೇ ಗಳಿಗೆಯಲ್ಲಿ ಅನ್ನಕ್ಕ ಇನ್ನೊಂದು ಬಾಗಿಲಿಂದ ಹೊರಗೆ ಬಂದಳು. ನೆಲದ ಮೇಲೆ, ಬಿಸಿಲಲ್ಲಿ, ಮೊರದೊಳಗೆ ಒಂದು ಹಸುಗೂಸು ಕೈಕಾಲು ಆಡಿಸುತ್ತಿದೆ. ಹತ್ತಿರದಲ್ಲೇ ಒಂದು ಕೋಳಿ ಕಾಳು ಹೆಕ್ಕುತ್ತಿದೆ. ಯಾರಾದರೂ ಏನು ಮಾಡುತ್ತಿದ್ದರೋ ಅದನ್ನೇ ಅವಳೂ ಮಾಡಿದಳು. ಕೋಳಿ ಓಡಿಸಿ, ಕೂಸನ್ನು ಎತ್ತಿ ಎದೆಗಪ್ಪಿಕೊಂಡು, ಕಲಿಸಿದ ಮಾತನ್ನು ಕಲಿಸಿದಷ್ಟೇ ಸ್ಪಷ್ಟವಾಗಿ ಹೇಳಿದಳು.

"ನನ್ನ ಕೂಸು. ನನ್ನ ಬಂಗಾರ."

ಕೋಗಳಿಯಲ್ಲಿ ಅವತ್ತು ಡಾಕ್ಟರರ ಕ್ಯಾಂಪು ಇತ್ತು. ಜೀಪಿನ ಹಾರನ್ ಎರಡು ಸಲ ಕೂಗಿತು. ಅನ್ನಕ್ಕ ಕೂಸನ್ನು ನೆರಳಿಗೆ ತಂದು ಅದೇ ಮೊರದಲ್ಲಿ ಹುಷಾರಾಗಿ ಮಲಗಿಸಿ, ಗಾದೆಮ್ಮನ ಕಡೆ ನೋಡಿ ನಕ್ಕು, ಓಡಿಹೋಗಿ ಜೀಪು ಹತ್ತಿದಳು. ಹುಸೇನ್ ಬೀ ಕೈ ಒರೆಸಿಕೊಳ್ಳುತ್ತ ಹೊರಗೆ ಬರುವ ಹೊತ್ತಿಗೆ ರಸ್ತೆಯಲ್ಲಿ ಧೂಳು ಮಾತ್ರ ಉಳಿದಿತ್ತು. ಸಿರಿಂಜುಗಳು ಉಳಿದಿದ್ದವು, ಕೂಸು ಕೈತಪ್ಪಿತ್ತು.

ಪಡಸಾಲೆಯ ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ತೌಡು ನನ್ನದು, ಆದ್ದರಿಂದ ಕೂಸೂ ನನ್ನದೇ ಎಂದು ಹುಸೇನ್ ಬೀ ಸ್ವಲ್ಪ ಜೋರಾಗಿಯೇ ವಾದಿಸಿದಳು. ತಪ್ಪು ತನ್ನದೆಂದು ಗೊತ್ತಿದ್ದವರ ದನಿ ಯಾವಾಗಲೂ ಸ್ವಲ್ಪ ಜೋರು. ಮೈಲಮ್ಮ ಎಲ್ಲರ ಮಾತೂ ಮುಗಿಯಲಿ ಎಂದು ಕಾದು, ಎಲೆಯಡಿಕೆ ಉಗುಳಿ ಬಂದು ತೀರ್ಪು ಹೇಳಿದಳು.

"ತೌಡು ಯಾರದರ ಇರ್ಲಿ ಹುಸೇನವ್ವ. ಎತ್ತಿದಾಕಿ ಆಕಿ, ನನ್ನ ಕೂಸು ಅಂದಾಕಿ ಆಕಿ. ಕೂಸು ಆಕೀದಾತು."

ಆದರೆ ನನ್ನ ಸಲುವಾಗಿ ಸಾಕು ಎಂಬ ಮಾತನ್ನು ಅನ್ನಕ್ಕ ಹೇಳಿರಲಿಲ್ಲ. ಅವಳಿಗೆ ಅದು ಗೊತ್ತೂ ಇರಲಿಲ್ಲ. ಕೂಸು ಈಗ ಗಾದೆಮ್ಮನದಲ್ಲ, ಹುಸೇನ್ ಬೀಯದೂ ಅಲ್ಲ. ಅದರ ಒಡತಿ ಜೀಪಿನಲ್ಲಿ ಕೋಗಳಿಗೆ ಹೋಗಿದ್ದಾಳೆ, ನಾಳೆ ಕಡಲು ದಾಟಿ ಹೋಗುತ್ತಾಳೆ. ಕೂಸು ಬೆಳಗಿನ ಜಾವ ಕುಡಿದದ್ದು. ಈಗ ಹಸಿದು ಅಳತೊಡಗಿತು. ಗಾದೆಮ್ಮ ಅದರ ಹತ್ತಿರ ಕೂತಳೇ ಹೊರತು ಮುಟ್ಟಲಿಲ್ಲ.

ಪಾಲಾಕ್ಷಪ್ಪ ಹೊರಗೆ ಬಂದು ಇದೆಂಥ ಹುಚ್ಚು ಎಂದು ಬೈದ. ಈ ಬಿಸಿಲಲ್ಲಿ ತಿಂಗಳ ಕೂಸು ಹಾಲಿಲ್ಲದೆ ಎಷ್ಟು ಹೊತ್ತು ತಡೆಯುತ್ತದೆ ಎಂದು ಕೇಳಿದ. ಹುಸೇನ್ ಬೀ ಕಾಯಿಸಿ ಆರಿಸಿದ ನೀರನ್ನು ಚಮಚದಲ್ಲಿ ಹನಿ ಹನಿಯಾಗಿ ಬಿಟ್ಟು ನೋಡಿದಳು. ಕೂಸು ಅದನ್ನು ಉಗುಳಿ ಮತ್ತೆ ಚೀರಿತು. ಗಾದೆಮ್ಮನ ಕುಬಸ ಎದೆಯ ಹತ್ತಿರ ಒದ್ದೆಯಾಗಿತ್ತು. ಹಾಲು ತಾನಾಗಿ ಇಳಿಯುತ್ತಿತ್ತು, ಕಣ್ಣೀರೂ ಇಳಿಯುತ್ತಿತ್ತು. ಆದರೂ ಹುಸೇನ್ ಬೀ ಗದ್ದ ಹಿಡಿದು ಬೇಡಿಕೊಂಡಾಗ ಆ ಹುಡುಗಿ ತಲೆ ಅಲ್ಲಾಡಿಸಿದಳು.

"ಮೊದಲಿನ ಎರಡಕ್ಕೂ ನನ್ನ ಕೂಸು ಅಂತ ಹಾಲು ಕುಡಿಸಿದ್ನಿ. ಎರಡೂ ಉಳೀಲಿಲ್ಲ. ಇದು ಬ್ಯಾರೇರ ಕೂಸಾಗಿ ಕುಡೀಲಿ ಹುಸೇನವ್ವ. ಇದು ಉಳೀಬೇಕು."

ಹಾಗೆ ನಂಬುವಂತೆ ಇಷ್ಟು ವರ್ಷ ಊರಿಗೆ ಊರನ್ನೇ ಒಪ್ಪಿಸಿದವಳು ಹುಸೇನ್ ಬೀಯೇ ತಾನೇ. ಕೂಸನ್ನು ಮೊರದ ಸಮೇತ ಎತ್ತಿಕೊಂಡು, ಉಳಿದ ತೌಡನ್ನು ಸೆರಗಿನಲ್ಲಿ ಗಂಟು ಕಟ್ಟಿ, ಏಳು ಎಂದು ಗಾದೆಮ್ಮನಿಗೆ ಹೇಳಿದಳು. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸು ಕೋಗಳಿಯ ಮೇಲೆ ಹೋಗುತ್ತಿತ್ತು, ಅದು ಬರುವ ಹೊತ್ತಾಗಿತ್ತು. ಮೈಲಮ್ಮನೂ ಸೀರೆ ಎತ್ತಿ ಕಟ್ಟಿ ಹಿಂದೆಯೇ ಹೊರಟಳು. ದವಾಖಾನೆಯ ಬಾಗಿಲಿಗೆ ಯಾರು ಎಂದು ಪಾಲಾಕ್ಷಪ್ಪ ಕೂಗಿದ್ದಕ್ಕೆ ಹುಸೇನ್ ಬೀ ತಿರುಗಿಯೂ ನೋಡಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಮೊರವನ್ನು ನೋಡಿ ಇದನ್ನು ಮೇಲೆ ಹಾಕಬೇಕು ಎಂದ. ಒಳಗಿನಿಂದ ಅಳು ಕೇಳಿ ಬೆಚ್ಚಿ ಹಿಂದೆ ಸರಿದು ಜಾಗ ಮಾಡಿಕೊಟ್ಟ. ಹುಸೇನ್ ಬೀ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಬಿಸಿಲು ಮರೆಮಾಡಿ ಕೂತಳು. ಪಕ್ಕದಲ್ಲಿ ಗಾದೆಮ್ಮ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದಳು. ಕೂಸು ಅತ್ತಾಗಲೆಲ್ಲ ಅವಳ ಬೆನ್ನು ಬಿಗಿಯಾಗುತ್ತಿತ್ತು.

ದಾರಿಯುದ್ದಕ್ಕೂ ಹುಸೇನ್ ಬೀಗೆ ಆ ಹುಡುಗಿಯ ಮೇಲೆ ಸಿಟ್ಟು ಬರುತ್ತಿತ್ತು. ಒಳ್ಳೆಯ ಹುಡುಗಿ, ತಪ್ಪೇನೂ ಮಾಡಿಲ್ಲ, ಅದು ಗೊತ್ತಿತ್ತು. ಆದರೂ ತಿಂಗಳಿಂದ ಕಾದವಳು ತಾನು, ಒಂದು ಗಳಿಗೆಯಲ್ಲಿ ಎತ್ತಿಕೊಂಡವಳು ಅವಳು. ಕಡಲಾಚೆ ಹೋದ ಮೇಲೆ ಅವಳಿಗೆ ಈ ಕೂಸಿನ ನೆನಪಾದರೂ ಇರುತ್ತದೆಯೇ? ಹೀಗೆ ಯೋಚಿಸುತ್ತ ಯೋಚಿಸುತ್ತ ಕೂಸಿನ ಮುಖ ನೋಡಿದಳು. ಅಳು ಸಣ್ಣದಾಗುತ್ತ ಬಂದಿತ್ತು, ತುಟಿ ಒಣಗಿತ್ತು. ಅಳು ನಿಂತರೆ ಒಳ್ಳೆಯದಲ್ಲ ಎಂಬುದು ದವಾಖಾನೆಯಲ್ಲಿ ಇಷ್ಟು ವರ್ಷ ಇದ್ದವಳಿಗೆ ಗೊತ್ತಿತ್ತು. ಆಗ ಸಿಟ್ಟೆಲ್ಲ ಇಳಿದು ಬರೀ ಹೆದರಿಕೆ ಉಳಿಯಿತು. ಯಾರ ಕೂಸಾದರೂ ಆಗಲಿ, ಬದುಕಲಿ ಎಂದು ಮನಸ್ಸಿನಲ್ಲೇ ದೇವರಿಗೆ ಹೇಳಿಕೊಂಡಳು.

ಕೋಗಳಿಯಲ್ಲಿ ಹಳೆಯ ಜೈನ ಬಸದಿಯ ಹತ್ತಿರದ ಶಾಲೆಯಲ್ಲಿ ಕ್ಯಾಂಪು ನಡೆದಿತ್ತು. ಅನ್ನಕ್ಕ ಬ್ಯಾಟರಿ ಹಿಡಿದು ಮಕ್ಕಳ ಗಂಟಲು ನೋಡುತ್ತಿದ್ದಳು. ಮೊರ ಹೊತ್ತು ಬರುತ್ತಿರುವ ಹುಸೇನ್ ಬೀಯನ್ನು ಕಂಡು ಡಾಕ್ಟರರು ಎದ್ದು ನಿಂತರು. ವಿಷಯ ಕೇಳಿ ಅವರ ಮುಖ ಕೆಂಪಾಯಿತು. ಮೊದಲು ಕೂಸಿನ ನಾಲಿಗೆ, ನೆತ್ತಿ ಮುಟ್ಟಿ ನೋಡಿದರು. ಆಮೇಲೆ ಗಾದೆಮ್ಮನಿಗೆ ಬೈದರು, ಮೈಲಮ್ಮನಿಗೆ ಬೈದರು, ಎಲ್ಲಕ್ಕಿಂತ ಹೆಚ್ಚು ಹುಸೇನ್ ಬೀಗೆ ಬೈದರು. ಗಾದೆಮ್ಮ ಎಲ್ಲವನ್ನೂ ಕೇಳಿಸಿಕೊಂಡಳು, ಕೂಸನ್ನು ಮಾತ್ರ ಮುಟ್ಟಲಿಲ್ಲ. ಬೈಗುಳದಿಂದ ಹಾಲು ಕುಡಿಸಲಾಗುವುದಿಲ್ಲ ಎಂದು ಡಾಕ್ಟರರಿಗೂ ತಿಳಿಯಿತು. ಹಣೆ ಒರೆಸಿಕೊಂಡು, ಅನ್ನಕ್ಕನ ಭಾಷೆ ತಮಗೆ ಬಾರದ್ದರಿಂದ ಅವಳಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು.

ಹುಡುಗಿ ಬಿಳಿಚಿಕೊಂಡಳು. ನಾನು ಸುಮ್ಮನೆ ಎತ್ತಿಕೊಂಡೆ ಅಷ್ಟೇ ಎಂದಳು. ಮೊರದೊಳಗೆ ಬಗ್ಗಿ ನೋಡಿ, ಏನು ಮಾಡಬೇಕೆಂದು ಹೇಳಿ, ಮಾಡುತ್ತೇನೆ ಎಂದಳು.

ಡಾಕ್ಟರರಿಗೆ ಉಪಾಯ ಸುಲಭವಾಗಿ ಕಂಡಿತು. ಅನ್ನಕ್ಕ ಕೂಸನ್ನು ಹುಸೇನ್ ಬೀಗೆ ಮಾರಿಬಿಡಲಿ, ತೌಡು ಇದ್ದೇ ಇದೆ. ಮೈಲಮ್ಮ ಒಪ್ಪಲಿಲ್ಲ. ಎರಡು ಸಲ ಕೈ ಬದಲಾದ ಕೂಸು ಸಂತೆಯ ಕರುವಿದ್ದಂತೆ, ಅದಕ್ಕೆ ಯಾವ ಮನೆಯೂ ನಿಲ್ಲುವುದಿಲ್ಲ ಎಂದಳು. ಹಾಗಾದರೆ ಅನ್ನಕ್ಕನೇ ಆ ಮಾತು ಹೇಳಿ ಕೂಸನ್ನು ಗಾದೆಮ್ಮನ ಕೈಗೆ ಕೊಡಲಿ ಎಂದರು ಡಾಕ್ಟರರು. ಅದಕ್ಕೂ ಮೈಲಮ್ಮ ತಲೆ ಅಲ್ಲಾಡಿಸಿದಳು. ಕೊಂಡವಳ ಮನೆ ಊರ ಸುತ್ತಮುತ್ತ ಇರಬೇಕು, ವರ್ಷಕ್ಕೊಮ್ಮೆ ಕೂಸು ಆ ಹೊಸ್ತಿಲು ತುಳಿದು ಅಂಗಿ ತೊಟ್ಟು ಬರಬೇಕು. ಕಡಲಾಚೆಗೆ ಕೂಸನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ? ಗಾದೆಮ್ಮ ಅಲ್ಲೇ ಕುಸಿದು ಕೂತಳು. ಕೂಸು ಈಗ ಅಳುತ್ತಿರಲಿಲ್ಲ, ಕುಂಯ್‌ಗುಟ್ಟುತ್ತಿತ್ತು.

ಹುಸೇನ್ ಬೀ ಅದನ್ನು ನೋಡಿದಳು, ಅನ್ನಕ್ಕನನ್ನು ನೋಡಿದಳು, ಸೆರಗಿನ ಗಂಟು ಬಿಚ್ಚಿದಳು.

"ಕೂಸಿನ್ನ ಕೊಳ್ಳೋದು ಬ್ಯಾಡ ಡಾಕ್ಟರ. ಕೂಸಿನ ತಾಯಿನ್ನ ಕೊಳ್ತೀನಿ. ಮಗಳ ಕೂಸು ತವರುಮನ್ಯಾಗ ಬೆಳಿಯೋದು ಎಲ್ಲಿ ಇಲ್ಲ?"

ಎಲ್ಲರೂ ಮೈಲಮ್ಮನ ಮುಖ ನೋಡಿದರು. ಮೈಲಮ್ಮ ಬಾಯೊಳಗೆ ಲೆಕ್ಕ ಹಾಕಿದಳು. ಕೊಂಡವಳು ದೂರ ಹೋದರೂ ಅವಳ ತವರು ಕಲ್ಲಹಟ್ಟಿಯಲ್ಲೇ ಉಳಿಯುತ್ತದೆ. ಕೂಸು ಅಜ್ಜಿಯ ಹೊಸ್ತಿಲು ತುಳಿದರೆ ತಾಯಿಯ ಹೊಸ್ತಿಲು ತುಳಿದಂತೆಯೇ. ಹೌದಲ್ಲ, ಅದು ನಡೀತೈತಿ ಎಂದು ಒಪ್ಪಿದಳು.

ಡಾಕ್ಟರರು ನಗಬೇಕೋ ಅಳಬೇಕೋ ತಿಳಿಯದೆ ಇದನ್ನು ಅನ್ನಕ್ಕನಿಗೆ ಹೇಳಿದರು. ಅವಳು ಗಂಭೀರವಾಗಿ ಕೇಳಿ, ಊರಲ್ಲಿ ನನ್ನ ತಾಯಿ ಇದ್ದಾಳಲ್ಲ, ಅವಳನ್ನು ಕೇಳದೆ ಹೇಗೆ ಎಂದಳು. ಹುಸೇನ್ ಬೀಗೆ ಆ ಪ್ರಶ್ನೆ ಹಿಡಿಸಿತು. ತಾಯಿಯನ್ನು ನೆನೆಯುವ ಹುಡುಗಿ ಒಳ್ಳೆಯ ಮಗಳೇ ಆಗಿರುತ್ತಾಳೆ.

"ಆ ತಾಯೇನು ಕಳಕೊಳ್ಳಂಗಿಲ್ಲ ಅಂತ ಹೇಳ್ರಿ. ಗಾದೆವ್ವ ಏನು ಕಳಕೊಂತಾಳ? ಕೂಸು ಆಕಿ ಮನ್ಯಾಗ ಇರ್ತೈತಿ. ಇನ್ನೊಬ್ಬಾಕಿ ಅವ್ವ ಹೆಚ್ಚಿಗಿ ಆಕ್ಕಾಳ, ಅಷ್ಟ."

ಹುಡುಗಿ ತಲೆಯಾಡಿಸಿದಳು. ಕೂಸನ್ನು ಮೈಲಮ್ಮ ಎತ್ತಿಕೊಂಡಳು, ಮೊರ ಖಾಲಿಯಾಯಿತು. ಅನ್ನಕ್ಕ ಅದರಲ್ಲಿ ಕೂರಲು ಪ್ರಯತ್ನಿಸಿದಾಗ ಮೊರ ಚಟಚಟ ಅಂದಿತು. ಕೊನೆಗೆ ಎರಡು ಪಾದ ಮಾತ್ರ ಒಳಗಿಟ್ಟು ಕಂಬದಂತೆ ನಿಂತಳು. ಮಾರುವವರು ಯಾರು ಎಂಬ ಪ್ರಶ್ನೆ ಬಂತು. ಹುಡುಗಿಯನ್ನು ಅವಳ ಮನೆಯವರು ನಂಬಿ ನನ್ನ ಕೈಗೆ ಒಪ್ಪಿಸಿದ್ದಾರೆ, ಆದ್ದರಿಂದ ನಾನೇ ಎಂದು ಡಾಕ್ಟರ್ ವಹಾಬರು ಮುಂದೆ ಬಂದರು. ಹೈದರಾಬಾದಿನಲ್ಲಿ ಓದಿ ಬಂದ ಆ ಮನುಷ್ಯ ಬಿಳಿ ಕೋಟಿನ ಅಂಚನ್ನು ಉಡಿಯಂತೆ ಹಿಡಿದು ನಿಂತರು, ಹುಸೇನ್ ಬೀ ಅದಕ್ಕೆ ಬೊಗಸೆ ತುಂಬ ತೌಡು ಸುರಿದಳು. ಮಗಳು ಇಷ್ಟೆತ್ತರ ಇದ್ದಾಳೆ, ಒಂದೇ ಬೊಗಸೆ ಸಾಕೇ ಎಂದು ಯಾರೋ ಕೇಳಿದರು. ಆಕೆ ಇನ್ನೊಂದು ಬೊಗಸೆ ಸುರಿದಳು.

ಈಗ ಎತ್ತಬೇಕು. ಕೊಂಡದ್ದನ್ನು ನೆಲದಿಂದ ಎತ್ತದೆ ಕೊಳ್ಳುವಿಕೆ ಮುಗಿಯುವುದಿಲ್ಲ. ಹುಸೇನ್ ಬೀಯ ತಲೆ ಆ ಹುಡುಗಿಯ ಎದೆಯ ತನಕ ಬರುತ್ತಿತ್ತು. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯ ನಡುವನ್ನು ಎರಡೂ ಕೈಯಿಂದ ಬಳಸಿ, ಉಸಿರು ಕಟ್ಟಿ ಎತ್ತಿದಳು. ಆಗಲಿಲ್ಲ. ಡಾಕ್ಟರರು ಸಹಾಯಕ್ಕೆ ಬಂದದ್ದಕ್ಕೆ ಬೇಡವೆಂದಳು. ಹೆರುವವಳ ಬದಲು ಬೇರೆಯವರು ಹೆರುವುದಿಲ್ಲ ಎಂದು ಗೊಣಗಿದಳು. ಮತ್ತೆ ಎತ್ತಿದಳು. ಕತ್ತಿನ ನರ ಉಬ್ಬಿತು. ಅನ್ನಕ್ಕನ ಪಾದಗಳು ಮೊರದಿಂದ ಒಂದು ಬೆರಳಿನಷ್ಟು ಮೇಲೆದ್ದವು.

"ನನ್ನ ಕೂಸು," ಎಂದಳು ಹುಸೇನ್ ಬೀ.

ಇಳಿಸಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲ. ಹುಡುಗಿ ಬಗ್ಗಿ ಆಕೆಯ ಹೆಗಲಿಗೆ ಮುಖ ಒತ್ತಿ ಅಳುತ್ತಿದ್ದಳು. ಅಷ್ಟು ದೂರದ ಊರಿನವಳಿಗೆ ಇಷ್ಟು ದಿನದಲ್ಲಿ ಮನೆಯ ನೆನಪು ಎಷ್ಟು ಬಂದಿತ್ತೋ ಏನೋ, ಯಾರಿಗೂ ಹೇಳಿರಲಿಲ್ಲ. ಹುಸೇನ್ ಬೀ ಅವಳ ಬೆನ್ನು ಸವರಿ, ಅಳೋದು ಆಮೇಲೆ, ಮೊದಲು ನಿನ್ನ ಕೂಸಿನ ಹೊಟ್ಟೆ ನೋಡು ಎಂದು ಎಚ್ಚರಿಸಿದಳು. ಮಾತು ಅರ್ಥವಾಗದಿದ್ದರೂ ಅನ್ನಕ್ಕನಿಗೆ ವಿಷಯ ಅರ್ಥವಾಯಿತು. ಮೈಲಮ್ಮನಿಂದ ಕೂಸನ್ನು ತೆಗೆದುಕೊಂಡು ಗಾದೆಮ್ಮನ ಎದುರು ಮಂಡಿಯೂರಿ ಕೂತಳು. ಹುಸೇನ್ ಬೀ ಹೇಳಿಕೊಟ್ಟಂತೆ ಒಂದೊಂದೇ ಪದ ತಡವರಿಸುತ್ತ ಹೇಳಿದಳು.

"ನನ್ನ ಕೂಸು ಐತಿ. ನನ್ನ ಸಲುವಾಗಿ ಸಾಕವ್ವ."

ಗಾದೆಮ್ಮ ಕೂಸನ್ನು ಕಸಿದುಕೊಂಡಂತೆಯೇ ತೆಗೆದುಕೊಂಡಳು. ಬಸದಿಯ ಗೋಡೆಯ ನೆರಳಿಗೆ ಹೋಗಿ ಬೆನ್ನು ತಿರುಗಿಸಿ ಕೂತಳು. ಮೊದಲು ಕೂಸಿಗೆ ಹಿಡಿಯಲು ಶಕ್ತಿಯಿರಲಿಲ್ಲ. ಶಾಲೆಯ ಅಂಗಳದಲ್ಲಿದ್ದ ರೋಗಿಗಳು, ಹೆಂಗಸರು, ಡಾಕ್ಟರರು ಎಲ್ಲರೂ ಸುಮ್ಮನೆ ನಿಂತು ಆ ಬೆನ್ನನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಗುಟುಕು ಗುಟುಕಾಗಿ ಕುಡಿಯುವ ಶಬ್ದ ಕೇಳಿಸಿತು. ಡಾಕ್ಟರ್ ವಹಾಬರು ಕೋಟಿನಲ್ಲಿದ್ದ ತೌಡನ್ನು ಏನು ಮಾಡುವುದೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಮುಂದಿನ ರೋಗಿಯನ್ನು ಕರೆದರು.

ಮರುದಿನ ಅನ್ನಕ್ಕ ಹೊರಟಳು. ಹುಸೇನ್ ಬೀ ಬಸ್ಸಿನ ತನಕ ಬಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಚಟ್ನಿಗೆ ಖಾರ ಹಾಕಿರಲಿಲ್ಲ. ಹುಡುಗಿ ಕಿಟಕಿಯಿಂದ ಕೈ ಚಾಚಿ "ಅವ್ವಾ" ಎಂದು ಕರೆದಳು. ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

ಕೂಸಿಗೆ ಕೊಂಡವರ ಕುಲದ ಹೆಸರಿಡಬೇಕಲ್ಲ, ವಿಲಾಯತಿಯವಳ ಕೂಸಾದ್ದರಿಂದ ವಿಲಾತೆಪ್ಪ ಎಂದು ಇಟ್ಟರು. ವಿಲಾತೆಪ್ಪ ಉಳಿದ, ಬೆಳೆದ, ಊರಿನ ಮಾವಿನ ಗಿಡಗಳಿಗೆಲ್ಲ ಕಲ್ಲು ಹೊಡೆದ. ವರ್ಷಕ್ಕೊಮ್ಮೆ ಹಾಲೆಂಡಿನಿಂದ ಅವನಿಗೆ ಪೋಸ್ಟಿನಲ್ಲಿ ಅಂಗಿ ಬರುತ್ತಿತ್ತು. ಅಂಗಿ ಎಂದರೆ ಉಣ್ಣೆಯ ಸ್ವೆಟರು. ಬರುತ್ತಿದ್ದದ್ದು ಸರಿಯಾಗಿ ಯುಗಾದಿಯ ಆಸುಪಾಸಿಗೆ. ತಾಯಿ ಕಳಿಸಿದ್ದನ್ನು ತೊಡದೆ ಇರುವಂತಿಲ್ಲ. ಆ ಸುಡುಬಿಸಿಲಿನಲ್ಲಿ ವಿಲಾತೆಪ್ಪ ಸ್ವೆಟರು ತೊಟ್ಟು, ಬೆವರು ಸುರಿಸುತ್ತ, ಹುಸೇನ್ ಬೀಯ ಹೊಸ್ತಿಲು ತುಳಿದು ಬರುತ್ತಿದ್ದ. ಊರವರು ನಗುತ್ತಿದ್ದರು, ಹುಸೇನ್ ಬೀ ಮಾತ್ರ ಆ ಸ್ವೆಟರಿನ ಹೆಣಿಗೆಯನ್ನು ಎಲ್ಲರಿಗೂ ತೋರಿಸಿ ಹೊಗಳುತ್ತಿದ್ದಳು.

ಅವನಿಗೆ ಐದು ತುಂಬಿದ ಮೇಲೆ ಒಂದು ಬೆಳಿಗ್ಗೆ ಗಾದೆಮ್ಮ ದವಾಖಾನೆಗೆ ಬಂದಳು. ಕೈಯಲ್ಲಿ ತೌಡಿನ ಬುಟ್ಟಿ, ಅದರ ಮೇಲೆ ಮಡಿಸಿಟ್ಟ ಹೊಸ ಸೀರೆ, ಕುಬಸದ ಖಣ. ಮುಖದ ತುಂಬ ನಗು. ಪಡಸಾಲೆ ಗುಡಿಸಿದ ಕಸ ಎತ್ತುತ್ತಿದ್ದ ಹುಸೇನ್ ಬೀ ಬುಟ್ಟಿಯನ್ನು ನೋಡಿದಳು. ಪೊರಕೆಯನ್ನು ಗೋಡೆಗೆ ಆನಿಸಿ, ಸಮಾಧಾನವಾಗಿ ಮೆಟ್ಟಿಲ ಮೇಲೆ ಕೂತಳು.

"ಕೂಸಿನ್ನ ಬಿಟ್ಟುಕೊಡಾಕ ನಾನ್ಯಾರವ್ವ? ನಾ ಬರೇ ಅಜ್ಜಿ. ಕೊಂಡಾಕಿ ನನ್ನ ಮಗಳು. ಆಕಿ ಬರ್ಲಿ, ಆಕಿ ಉಡ್ಯಾಗ ತೌಡು ಹಾಕಿ ಬಿಡಿಸ್ಕೋ."

ಗಾದೆಮ್ಮ ಬಾಯಿ ತೆರೆದು ನಿಂತಳು. ಒಳಗಿನಿಂದ ಡಾಕ್ಟರ್ ವಹಾಬರು ಎದ್ದು ಬಾಗಿಲಿಗೆ ಬಂದು, ಕನ್ನಡಕ ಮೇಲೆ ಸರಿಸಿ ಹುಸೇನ್ ಬೀಯನ್ನು ನೋಡಿ, ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಕೇಳಿದರು.

"ಖಾಲಾ, ಕೋಗಳ್ಯಾಗ ಅವತ್ತು ಇದನ್ನ ಯೋಚನೆ ಮಾಡೇ ಹಂಗ ಮಾಡಿದ್ರೇನು?"

ಸ್ಟೋವಿನ ಮೇಲೆ ಸಿರಿಂಜು ಇಟ್ಟಿದ್ದೇನೆ, ನೀರು ಬತ್ತೀತು, ನೋಡಿ ಎಂದು ಹುಸೇನ್ ಬೀ ಡಾಕ್ಟರರನ್ನೇ ಒಳಗೆ ಕಳಿಸಿದಳು. ಗಾದೆಮ್ಮನಿಗೆ ಮೊದಲು ನಗು ಬಂತು, ಆಮೇಲೆ ಕಣ್ಣು ತುಂಬಿ ಬಂತು. ತೌಡನ್ನು ಅಂಗಳದ ಮೇಕೆಗೆ ಸುರಿದಳು. ಸೀರೆಯನ್ನು ಮಾತ್ರ ವಾಪಸು ಒಯ್ಯಲಿಲ್ಲ, ಅಜ್ಜಿಗೂ ಉಡಿಸಬಹುದು ಎಂದು ಬಿಚ್ಚಿ ಆಕೆಯ ಹೆಗಲಿಗೆ ಹೊದಿಸಿದಳು. ಹುಸೇನ್ ಬೀ ಅದನ್ನು ಪೆಟ್ಟಿಗೆಗೆ ಹಾಕಲಿಲ್ಲ, ಅಂದೇ ಉಟ್ಟಳು.

ಮಧ್ಯಾಹ್ನ ವಿಲಾತೆಪ್ಪ ಎಲ್ಲಿಂದಲೋ ಓಡಿ ಬಂದು ಬಾಗಿಲಲ್ಲಿ ನಿಂತ. ಅವನಿಗಿಂತ ಮುಂಚೆ ಕೊಂಡ ಮಕ್ಕಳೆಲ್ಲ ಆ ವಯಸ್ಸಿಗೆ ಹುಸೇನ್ ಬೀ ಎಂದು ಕರೆಯಲು ಶುರು ಮಾಡಿದ್ದರು.

"ಅಜ್ಜಿ, ಹಸಿವ್ಯಾಗೈತಿ," ಎಂದ.

ಹುಸೇನ್ ಬೀ ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ರೊಟ್ಟಿ ತರಲು ಎದ್ದಳು.